ಮಿರಗ ಕೂಡುವ ತನಕ

ಸೊಸೈಟಿಯ ಮ್ಯಾನೇಜಿಂಗ್ ಕಮಿಟಿಗೆ ನಿಲ್ಲಬೇಡಿ ಅಂತ ನನ್ನ ಹೆಂಡತಿ ಹೇಳಿದ್ದಳು. ನಿಂತೆ. ಪಾರ್ಕಿಂಗ್, ಲಿಫ್ಟು, ನೀರು, ಸೆಕ್ಯುರಿಟಿ ಎಲ್ಲ ಹಳಬರ ಪಾಲಾಗಿ ಕೊನೆಗೆ ಉಳಿದದ್ದು ಗಾರ್ಡನ್. "ನೀವು ಹಾಸನದ ಕಡೆಯ ರೈತರ ಮನೆಯವರಲ್ಲವೇ, ನಿಮಗೆ ಗೊತ್ತಿರುತ್ತೆ" ಎಂದು ಚೇರ್ಮನ್ ಸಾಹೇಬರು ಹಿಂದಿಯಲ್ಲಿ ಹೇಳಿ ಕೈಕುಲುಕಿದರು. ನಾನು ಊರು ಬಿಟ್ಟಿದ್ದು ಹದಿನೇಳನೇ ವಯಸ್ಸಿಗೆ, ಇಂಜಿನಿಯರಿಂಗ್ ಓದಲು. ನಮ್ಮ ತೋಟದಲ್ಲಿ ನಾನು ಮಾಡಿದ ದೊಡ್ಡ ಕೆಲಸ ಎಂದರೆ ಎಳನೀರು ಕುಡಿದಿದ್ದು. ಅದನ್ನು ಅಲ್ಲಿ ಹೇಳಲಿಲ್ಲ.

ಪುಣೆಯ ಪಶ್ಚಿಮಕ್ಕೆ ಇರುವ ನಮ್ಮಂಥ ಸೊಸೈಟಿಗಳನ್ನು ನೋಡಿದವರಿಗೆ ಈ ಹುಲ್ಲುಹಾಸು ಹೊಸದಲ್ಲ. ಕೆಳಗೆ ಎರಡು ಅಂತಸ್ತಿನ ಪಾರ್ಕಿಂಗ್, ಅದರ ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಸ್ಲ್ಯಾಬಿನ ಮೇಲೆ ಒಂದು ಅಡಿ ಕೆಂಪುಮಣ್ಣು, ಮಣ್ಣಿನ ಮೇಲೆ ಹುಲ್ಲು. ಬ್ರೋಷರಿನಲ್ಲಿ ಇದನ್ನು ಪೋಡಿಯಂ ಗಾರ್ಡನ್ ಎನ್ನುತ್ತಾರೆ. ನಮ್ಮದು 12,000 ಚದರಡಿ. ಹುಲ್ಲಿನ ಜಾತಿ ಬರ್ಮುಡಾ, ನರ್ಸರಿಯವರ ಬಾಯಲ್ಲಿ 'ಸೆಲೆಕ್ಷನ್ ವನ್'. ಹೆಸರು ಏನೇ ಇರಲಿ, ಸಸ್ಯಶಾಸ್ತ್ರದ ಪ್ರಕಾರ ಅದು ಸೈನೊಡಾನ್ ಡ್ಯಾಕ್ಟಿಲಾನ್, ಎಂದರೆ ನಮ್ಮ ಗರಿಕೆಯ ಅಣ್ಣತಮ್ಮ. ಇದು ನನಗೆ ತಿಳಿದದ್ದು ನಮ್ಮ ಮಾಲಿ ಕಾಕಾನಿಂದ.

ಕಾಕಾ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಅರವತ್ತರ ಹತ್ತಿರದ ವಯಸ್ಸು. ಬಾವಿ ಬತ್ತಿ ನಿಂಬೆ ಗಿಡ ಒಣಗಿದ ವರ್ಷ ಸೊಲ್ಲಾಪುರದ ಮೇಲೆ ಪುಣೆಗೆ ಬಂದವರು, ಮೊದಲು ಕಟ್ಟಡದ ಕೆಲಸ, ಆಮೇಲೆ ಒಬ್ಬ ಕಾಂಟ್ರಾಕ್ಟರ್ ಕೈಕೆಳಗೆ ಮಾಲಿ. ನಮ್ಮ ಸೊಸೈಟಿಯಲ್ಲಿ ಏಳು ವರ್ಷ. ನಾನು ಫೋನಿನಲ್ಲಿ ಅಮ್ಮನ ಜೊತೆ ಕನ್ನಡ ಮಾತಾಡುವುದನ್ನು ಕೇಳಿ ಅವರೇ ಒಂದು ದಿನ "ಯಾವೂರ್ರಿ ಸಾಹೇಬ್ರ?" ಎಂದು ಕೇಳಿದ್ದರು. ಅಲ್ಲಿಯವರೆಗೆ ಮೂರು ವರ್ಷ ನಾನು ಅವರ ಜೊತೆ ಹರಕು ಮರಾಠಿಯಲ್ಲಿ ಮಾತಾಡುತ್ತಿದ್ದೆ, ಅವರೂ ನನ್ನ ಜೊತೆ ಹರಕು ಹಿಂದಿಯಲ್ಲಿ.

"ಇದು ಕರಕಿನ ಅಲ್ರಿ?" ಎಂದು ಹುಲ್ಲಿನ ಒಂದು ಎಳೆ ಕಿತ್ತು ತೋರಿಸಿದ್ದರು. ನಮ್ಮ ಗರಿಕೆಗೆ ಅವರ ಕಡೆ ಕರಕಿ ಎನ್ನುತ್ತಾರೆ. "ಊರಾಗ ಇದನ್ನ ಕೀಳಾಕ ನಮ್ಮಪ್ಪ ಆಳು ಹಚ್ಚತಿದ್ದ. ಇಲ್ಲಿ ಇದನ್ನ ಬೆಳಸಾಕ ನನಗ ಪಗಾರ ಕೊಡ್ತೀರಿ."

ಗಾರ್ಡನ್ ನನ್ನ ಕೈಗೆ ಬಂದದ್ದು ಜನವರಿಯಲ್ಲಿ. ಆಗ ಹುಲ್ಲು ಮಂಕಾಗಿ, ಅಲ್ಲಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ವಾಟ್ಸಾಪ್ ಗ್ರೂಪಿನಲ್ಲಿ ದಿನಕ್ಕೊಂದು ಫೋಟೋ, ಕೆಳಗೆ ಪ್ರಶ್ನಾರ್ಥಕ ಚಿಹ್ನೆ. ಈಗ ತಿಳಿದಿದೆ, ಅದು ರೋಗವಲ್ಲ. ಗರಿಕೆಯ ಜಾತಿ ಸೆಕೆಯ ಹುಲ್ಲು. ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿ ಕುಣಿದು ಬೆಳೆಯುತ್ತದೆ. ಪುಣೆಯ ಚಳಿಗಾಲದ ರಾತ್ರಿ ಹತ್ತು ಹನ್ನೆರಡು ಡಿಗ್ರಿಗೆ ಇಳಿದಾಗ ಬೆಳವಣಿಗೆ ನಿಲ್ಲಿಸಿ ಮುದುಡಿಕೊಳ್ಳುತ್ತದೆ. ಆಗ ಮಾಡಬೇಕಾದ್ದು ಸುಮ್ಮನಿರುವುದು: ನೀರು ಕಡಿಮೆ, ಅದೂ ಬೆಳಿಗ್ಗೆ ಮಾತ್ರ, ಮಷಿನ್ ಅಪರೂಪಕ್ಕೆ. ಸಂಜೆ ನೀರು ಕೊಟ್ಟರೆ ರಾತ್ರಿಯಿಡೀ ಎಲೆ ಒದ್ದೆಯಾಗಿದ್ದು ಶಿಲೀಂಧ್ರ ಹಿಡಿಯುತ್ತದೆ. ಆದರೆ ಹೊಸದಾಗಿ ಆಯ್ಕೆಯಾದ ಕಮಿಟಿ ಮೆಂಬರಿಗೆ ಸುಮ್ಮನಿರುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ನಾನು ಮಾಡಿದ್ದು ನಮ್ಮ ಜಾತಿಯವರು ಮಾಡುವ ಕೆಲಸ, ಅಂದರೆ ಐಟಿ ಜಾತಿಯವರು. ಎಕ್ಸೆಲ್ ಶೀಟ್ ತೆರೆದೆ. ಇಂಟರ್ನೆಟ್ಟಿನಲ್ಲಿ ಹುಡುಕಿ ಹನ್ನೆರಡು ತಿಂಗಳ ಕ್ಯಾಲೆಂಡರ್ ಮಾಡಿದೆ. ಮಾರ್ಚ್-ಏಪ್ರಿಲ್‌ನಲ್ಲಿ ವಸಂತದ ಗೊಬ್ಬರ, ಸೆಪ್ಟೆಂಬರಿನಲ್ಲಿ ಹೊಸ ಬೀಜ, ನವೆಂಬರಿನಲ್ಲಿ ಬಿದ್ದೆಲೆ ಗುಡಿಸುವುದು. ನಾನು ಓದಿದ ಪುಟಗಳೆಲ್ಲ ಹಿಮ ಬೀಳುವ ಊರಿನವು. ಅಲ್ಲಿ ಏಪ್ರಿಲ್ ಎಂದರೆ ಹಿಮ ಕರಗಿ ಚಿಗುರುವ ಕಾಲ. ಇಲ್ಲಿ ಏಪ್ರಿಲ್ ಎಂದರೆ ಟ್ಯಾಂಕರ್ ಕಾಲ.

ಕಾಕಾನಿಗೆ ಶೀಟ್ ತೋರಿಸಿ ವಿವರಿಸಿದೆ. ಅವರು ಗೌರವದಿಂದಲೇ ಪೂರ್ತಿ ಕೇಳಿದರು. "ಈಗ ಗೊಬ್ರ ಬ್ಯಾಡ್ರಿ ಸಾಹೇಬ್ರ. ಹುಲ್ಲಿಗಿ ಹಸಿವಿಲ್ಲ, ನೀರಡಿಕಿ ಆಗೇತಿ. ಮಿರಗ ಕೂಡ್ಲಿ, ಆಮ್ಯಾಲ ಹಾಕೂಣು."

ಮಿರಗ ಎಂದರೆ ಮೃಗಶಿರಾ ಮಳೆ. ಜೂನ್ 7-8ರ ಹೊತ್ತಿಗೆ ಕೂಡುತ್ತದೆ. ನಮ್ಮ ಅಜ್ಜನೂ ಇದೇ ಲೆಕ್ಕ ಇಟ್ಟಿದ್ದ: ಮೇ ಕೊನೆಗೆ ರೋಹಿಣಿ, ಆಮೇಲೆ ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಖಾ, ಹುಬ್ಬ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಪುಣೆಯಲ್ಲಿ ವರ್ಷಕ್ಕೆ ಬೀಳುವ 700 ಚಿಲ್ಲರೆ ಮಿಲಿಮೀಟರ್ ಮಳೆಯ ಬಹುಪಾಲು ಇವುಗಳ ಒಳಗೇ ಬಂದು ಹೋಗುತ್ತದೆ. ಅಂದರೆ ಹುಲ್ಲಿನ ನಿಜವಾದ ವಸಂತ ಜೂನ್. ನಾನು ಅಜ್ಜನ ಮಾತನ್ನೇ ಮರೆತವನು, ಕಾಕಾನ ಮಾತನ್ನು ಕೇಳುತ್ತೇನೆಯೇ?

ನೀರಿನ ಲೆಕ್ಕವನ್ನೂ ಇಲ್ಲಿ ಹೇಳಿಬಿಡುತ್ತೇನೆ, ಕಮಿಟಿಯಲ್ಲಿರುವ ಓದುಗರಿಗೆ ಉಪಯೋಗವಾದೀತು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಎಂದರೆ ಸರಿಯಾಗಿ ಒಂದು ಲೀಟರ್. ನಮ್ಮ 12,000 ಚದರಡಿ ಸುಮಾರು 1,115 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಲೆಕ್ಕ ಹಿಡಿದರೂ 5,500 ಲೀಟರ್ ಆಯಿತು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಎರಡು ದಿನಕ್ಕೂ ಬರುವುದಿಲ್ಲ. ಆದ್ದರಿಂದ ಕುಡಿಯುವ ನೀರನ್ನು ಯಾರೂ ಹುಲ್ಲಿಗೆ ಹಾಕುವುದಿಲ್ಲ. ಸೊಸೈಟಿಯ ಎಸ್‌ಟಿಪಿಯಲ್ಲಿ ಶುದ್ಧಿ ಮಾಡಿದ ಬಚ್ಚಲು ನೀರನ್ನೇ ಹಾಕುತ್ತೇವೆ. ಅದರಲ್ಲಿ ಉಪ್ಪಿನಂಶ ಹೆಚ್ಚು. ಬೇಸಿಗೆಯಿಡೀ ಅದು ಮಣ್ಣಿನಲ್ಲಿ ಕೂತು ಎಲೆಯ ತುದಿ ಸುಡುತ್ತದೆ, ಮಳೆ ಬಂದು ತೊಳೆದಾಗಲೇ ಹೋಗುವುದು.

ಹುಲ್ಲಿನ ನೀರು ಎಷ್ಟು ಸೂಕ್ಷ್ಮ ವಿಷಯ ಎಂಬುದನ್ನು ನಾವು ಕನ್ನಡಿಗರು ಮರೆಯುವ ಹಾಗಿಲ್ಲ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ಸಾಗಿಸುತ್ತಿದ್ದರು. ಅಂಥ ಬರದಲ್ಲಿ ಮೈದಾನಗಳಿಗೆ ನೀರು ಸುರಿಯುವುದೇ ಎಂಬ ಪ್ರಶ್ನೆ ಬಾಂಬೆ ಹೈಕೋರ್ಟಿಗೆ ಹೋಗಿ, ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಹೊರಗೆ ಆಡಿಸಿ ಎಂದು ಆದೇಶವಾಯಿತು. ಪುಣೆ ತಂಡದ ಪಂದ್ಯಗಳು ವಿಶಾಖಪಟ್ಟಣಕ್ಕೆ ಹೋದವು. ಮುಂಬೈಯಲ್ಲಿ ಆಗಬೇಕಿದ್ದ ಫೈನಲ್ ನಮ್ಮ ಚಿನ್ನಸ್ವಾಮಿಗೆ ಬಂತು. ಬಂದು ಏನಾಯಿತು, ತವರು ನೆಲದಲ್ಲಿ ಎಂಟು ರನ್ನಿನಿಂದ ಸೋತೆವು. ಆ ರಾತ್ರಿಯ ಸಂಕಟ ಇನ್ನೂ ಇದೆ, ಇರಲಿ.

ಮೇ ತಿಂಗಳ ಒಂದು ಭಾನುವಾರ. ಬಸವ ಜಯಂತಿಗೆಂದು ಕಾಕಾ ಎರಡು ದಿನ ಊರಿಗೆ ಹೋಗಿದ್ದರು. ಮರುವಾರ ಸೊಸೈಟಿಯ ವಾರ್ಷಿಕೋತ್ಸವ. ಹುಲ್ಲು ಹಸಿರಾಗಬೇಕೆಂದು ಚೇರ್ಮನ್‌ರ ಒತ್ತಾಯ. ಆನ್‌ಲೈನಿನಲ್ಲಿ ತರಿಸಿದ, ಗೊಬ್ಬರ ಉದುರಿಸುವ ಎರಡು ಚಕ್ರದ ಗಾಡಿ ಪೆಟ್ಟಿಗೆಯಲ್ಲೇ ಇತ್ತು. 45 ಕೆಜಿಯ ಯೂರಿಯಾ ಚೀಲವನ್ನು ಹಿಂದಿನ ದಿನವೇ ತಂದಿಟ್ಟಿದ್ದೆ. ನಾನೇ ಇಳಿದೆ.

ನನ್ನ ಶೀಟಿನಲ್ಲಿದ್ದ ಸೂತ್ರ ಹೀಗಿತ್ತು: ಸಾವಿರ ಚದರಡಿಗೆ 1ರಂತೆ ಸಾರಜನಕ, 12,000ಕ್ಕೆ 12. ಯೂರಿಯಾದಲ್ಲಿ ಸಾರಜನಕ 46 ಶೇಕಡಾ, ಆದ್ದರಿಂದ 26 ಕೆಜಿ ಯೂರಿಯಾ. ಲೆಕ್ಕ ಸರಿಯಾಗಿದೆ. ಆದರೆ ಮೂಲದಲ್ಲಿದ್ದದ್ದು ಒಂದು ಪೌಂಡ್. ನಾನು ಕೆಜಿ ಅಂದುಕೊಂಡಿದ್ದೆ. ಹಾಕಬೇಕಾದ್ದು ಹನ್ನೆರಡು ಕೆಜಿಗೂ ಸ್ವಲ್ಪ ಕಡಿಮೆ. 1999ರಲ್ಲಿ ನಾಸಾದವರು ಪೌಂಡು ಮತ್ತು ಮೆಟ್ರಿಕ್ ಗೊಂದಲದಲ್ಲಿ ಮಂಗಳ ಗ್ರಹದ ಹತ್ತಿರ ಒಂದು ನೌಕೆಯನ್ನೇ ಕಳೆದುಕೊಂಡರು. ಈ ಕಥೆಯನ್ನು ನಾನು ನಮ್ಮ ಆಫೀಸಿನ ಹೊಸ ಹುಡುಗರಿಗೆ ಪ್ರತಿ ವರ್ಷ ಹೇಳುತ್ತೇನೆ.

ಅಳತೆಯ ತಪ್ಪು ಒಂದೇ ಆಗಿದ್ದರೆ ಬಚಾವಾಗಬಹುದಿತ್ತೋ ಏನೋ. ಬೆಳಿಗ್ಗೆ ಸ್ಪ್ರಿಂಕ್ಲರ್ ಓಡಿ ಎಲೆಯೆಲ್ಲ ಒದ್ದೆಯಾಗಿತ್ತು, ಕಾಳು ಅಲ್ಲೇ ಅಂಟಿತು. ಯೂರಿಯಾ ಹಾಕಿದ ಮೇಲೆ ಕೂಡಲೇ ಧಾರಾಳ ನೀರು ಹರಿಸಿ ಬೇರಿಗೆ ಇಳಿಸಬೇಕು. ಮಧ್ಯಾಹ್ನ ಎಸ್‌ಟಿಪಿಯ ಪಂಪ್ ಕೆಟ್ಟಿತು, ಟ್ಯಾಂಕರ್ ಬರಲಿಲ್ಲ. ನೆತ್ತಿಯ ಮೇಲೆ ನಲವತ್ತು ಡಿಗ್ರಿ, ಒಂದಡಿ ಮಣ್ಣಿನ ಕೆಳಗೆ ಕಾದ ಸ್ಲ್ಯಾಬ್. ಬುಧವಾರದ ಹೊತ್ತಿಗೆ ನಾನು ಗಾಡಿ ತಳ್ಳಿದ ಸಾಲುಗಳೆಲ್ಲ ಕಂದು ಪಟ್ಟಿಗಳಾಗಿ ಎದ್ದು ನಿಂತವು. ಗಾಡಿಯ ಸಾಲು ತಪ್ಪಿದ ಕಡೆ ಮಾತ್ರ ಹುಲ್ಲು ಹಸಿರಾಗಿತ್ತು.

ಶನಿವಾರ ಕಮಿಟಿ ಮೀಟಿಂಗ್. ಕಾಂಟ್ರಾಕ್ಟರನ ಸೂಪರ್‌ವೈಸರ್ ಬಂದು ನೋಡಿ, ನಾವು ಕೇಳುವ ಮೊದಲೇ "ಮಾಳ್ಯಾನೇ ಜಾಸ್ತ ಖತ ಟಾಕ್ಲಂ" ಎಂದ. ಮಾಲಿ ಗೊಬ್ಬರ ಜಾಸ್ತಿ ಹಾಕಿದ್ದಾನೆ. ಖಜಾಂಚಿ ಬಿಲ್ಲಿನಲ್ಲಿ ಇಪ್ಪತ್ತು ಸಾವಿರ ಕಡಿತ ಮಾಡೋಣ ಎಂದರು. ಸೂಪರ್‌ವೈಸರ್ ತಲೆಯಾಡಿಸಿ, "ಅವನ ಪಗಾರದಲ್ಲಿ ಹಿಡೀತೀವಿ" ಎಂದ. ಎರಡು ನಿಮಿಷದ ವಿಷಯ. ಮುಂದಿನ ಅಜೆಂಡಾ, ವಿಸಿಟರ್ ಪಾರ್ಕಿಂಗ್. ನಾನು ಬಾಯಿ ತೆರೆಯಬೇಕು ಅಂದುಕೊಂಡೆ. ವಿಸಿಟರ್ ಪಾರ್ಕಿಂಗ್ ಮುಗಿದ ಮೇಲೆ ಹೇಳೋಣ ಅಂದುಕೊಂಡೆ. ಆಮೇಲೆ ಚಹಾ ಬಂತು.

ಕಾಕಾನಿಗೆ ಗೊತ್ತಿತ್ತು. ಊರಿಂದ ಬಂದ ದಿನವೇ ಹುಲ್ಲಿನ ಬುಡ ಬಿಡಿಸಿ ನೋಡಿ ಬಿಳಿ ಕಾಳುಗಳನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದರಂತೆ, ವಾಚ್‌ಮನ್ ಹೇಳಿದ. ಗಾಡಿ ಯಾರು ತಳ್ಳಿದ್ದು ಎಂಬುದನ್ನೂ ಅವನೇ ಹೇಳಿರಬೇಕು. ಮೀಟಿಂಗ್ ಮುಗಿಸಿ ನಾನು ಕೆಳಗೆ ಬಂದಾಗ ಅವರು ಪೈಪ್ ಸುತ್ತುತ್ತಿದ್ದರು. "ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ, ಕರಕಿ ಅಷ್ಟು ಲಗೂನ ಸಾಯೂದಿಲ್ಲ. ಬೇರು ಕೆಳಗ ಇರ್ತೇತಿ" ಎಂದರು. ದುಡ್ಡಿನ ಮಾತೇ ಎತ್ತಲಿಲ್ಲ. ಕಡಿತದ ಸುದ್ದಿ ಅವರಿಗೆ ಇನ್ನೂ ಮುಟ್ಟಿಲ್ಲವೋ, ಮುಟ್ಟಿಯೂ ಹಾಗೆ ಅಂದರೋ ನನಗೆ ತಿಳಿಯಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

ಕಮಿಟಿಗೆ ಈಮೇಲ್ ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ಡ್ರಾಫ್ಟ್ ನಾಲ್ಕು ಸಲ ಬರೆದೆ. ಮೊದಲನೆಯದರಲ್ಲಿ ಪಂಪು, ಟ್ಯಾಂಕರ್, ಬಿಸಿಲು ಎಲ್ಲ ಬಂದಿದ್ದವು, ನಾನು ಮಾತ್ರ ಕೊನೆಯ ಸಾಲಿನಲ್ಲಿದ್ದೆ. ಹೆಂಡತಿ ಓದಿ, "ಇದರಲ್ಲಿ ತಪ್ಪು ಮಾಡಿದ್ದು ಯಾರು ಅಂತ ನನಗೇ ಗೊತ್ತಾಗ್ತಿಲ್ಲ" ಎಂದಳು. ಕೊನೆಗೆ ಕಳಿಸಿದ್ದು ಮೂರು ಸಾಲು. ಗೊಬ್ಬರ ಹಾಕಿದ್ದು ನಾನು, ಮಾಲಿ ಆ ದಿನ ಪುಣೆಯಲ್ಲೇ ಇರಲಿಲ್ಲ, ಕಡಿತವನ್ನು ವಾಪಸ್ ಮಾಡಿ, ನಷ್ಟ ನಾನು ಕೊಡುತ್ತೇನೆ. ಚೇರ್ಮನ್ ಫೋನ್ ಮಾಡಿ ನಕ್ಕರು. ಇಷ್ಟು ದೊಡ್ಡ ವಿಷಯವಲ್ಲ ಎಂದರು. ಅವರ ಮಟ್ಟಿಗೆ ನಿಜ. ಇಪ್ಪತ್ತು ಸಾವಿರ ನಮ್ಮ ಸೊಸೈಟಿಯ ಮೂರು ದಿನದ ಟ್ಯಾಂಕರ್ ಬಿಲ್ಲು.

ಅಷ್ಟರಲ್ಲಿ ಕಾಕಾ ಹೋಗಿಯಾಗಿತ್ತು. ಮಿರಗ ಕೂಡಿತ್ತು, ಊರಲ್ಲಿ ತೊಗರಿ ಬಿತ್ತಬೇಕಿತ್ತು. ಪ್ರತಿ ವರ್ಷ ಮೂರು ವಾರ ಹೋಗಿ ಬರುತ್ತಿದ್ದವರು, ಈ ಸಲ ಕಾಂಟ್ರಾಕ್ಟರ್ "ವಾಪಸ್ ಬಂದರೆ ಆ ಸೈಟಿಲ್ಲ" ಎಂದಿದ್ದನಂತೆ. ಬದಲಿಗೆ ಬಂದ ಹುಡುಗ ಬಿಹಾರದವನು. ಒಳ್ಳೆಯವನೇ, ಆದರೆ ಹುಲ್ಲು ಹೊಸದು. ಮಷಿನ್ನನ್ನು ಕೆಳಗಿಳಿಸಿ ಒಂದೇ ಸಲಕ್ಕೆ ಬೋಳು ಮಾಡಿಟ್ಟ. ಒಂದು ಸಲಕ್ಕೆ ಎಲೆಯ ಉದ್ದದ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಎಂಬುದು ಹುಲ್ಲಿನ ಕೆಲಸದ ಮೊದಲ ಪಾಠ. ಅದನ್ನು ಅವನಿಗೆ ಹೇಳಿಕೊಡಬೇಕಾದವನು ನಾನು, ನನಗೂ ಆಗ ತಾನೇ ತಿಳಿಯುತ್ತಿತ್ತು.

ನಾನು ಕಾಕಾನಿಗೆ ಫೋನ್ ಮಾಡಿದೆ. ಮೊದಲು ತಪ್ಪೊಪ್ಪಿಕೊಂಡೆ. ಕಡಿತದ ದುಡ್ಡು ಕಾಂಟ್ರಾಕ್ಟರ್ ಕೊಡುವ ತನಕ ನಾನೇ ಕಳಿಸುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಎತ್ತಿನ ಗಂಟೆ ಮಾತ್ರ ಕೇಳಿಸಿತು.

"ನಿಮ್ಮ ರೊಕ್ಕ ಬ್ಯಾಡ್ರಿ. ನನ್ನ ಪಗಾರ ಕೊಡಸ್ರಿ" ಎಂದರು.

ಎರಡರ ನಡುವಿನ ವ್ಯತ್ಯಾಸ ಅರ್ಥವಾಗಲು ನನಗೆ ಆ ರಾತ್ರಿ ಬೇಕಾಯಿತು.

ಹುಲ್ಲಿನ ಮಾತಿಗೆ ಬಂದರು. ಪೂರ್ವದ ಗೋಡೆಯ ಹತ್ತಿರ, ನಲ್ಲಿಯ ಪಕ್ಕದಲ್ಲಿ ಒಂದು ಮೂಲೆ ಇದೆ, ಅಲ್ಲಿ ಹೋಗಿ ನೋಡಿ ಎಂದರು. ಹೋಗಿ ನೋಡಿದರೆ ಚಾಪೆಯಷ್ಟು ಜಾಗದಲ್ಲಿ ದಟ್ಟವಾದ ಗರಿಕೆ. ಸೆಲೆಕ್ಷನ್ ವನ್ ಅಲ್ಲ, ನಮ್ಮ ಹೊಲದ ಬದುವಿನದೇ. ಏಳು ವರ್ಷದಿಂದ ಅದಕ್ಕೆ ಎಸ್‌ಟಿಪಿ ನೀರು ತಾಗಿಸದೆ ಕಾರ್ಪೊರೇಷನ್ ನಲ್ಲಿಯ ನೀರು ಹಾಕಿ ಬೆಳೆಸಿದ್ದರಂತೆ. "ಗಣಪ್ಪಗ ಬಚ್ಚಲ ನೀರಿನ ಕರಕಿ ಏರಿಸಾಕ ಆಗ್ತೇತೇನ್ರಿ?" ಚೌತಿಯ ದಿನ ನಮ್ಮ ಬಿಲ್ಡಿಂಗಿನ ಮನೆಗಳಿಗೆ ಇಪ್ಪತ್ತೊಂದರ ಕಟ್ಟು ಹಂಚುತ್ತಿದ್ದದ್ದು ಅಲ್ಲಿಂದಲೇ. ಮಾರ್ಕೆಟ್ಟಿನಿಂದ ತರುತ್ತಾರೆ ಅಂದುಕೊಂಡಿದ್ದೆ.

ಅದನ್ನೇ ಬಿಡಿಸಿ ಸುಟ್ಟ ಪಟ್ಟಿಗಳಲ್ಲಿ ನೆಡಲು ಹೇಳಿದರು. ವಿಡಿಯೋ ಕಾಲ್‌ನಲ್ಲಿ ನಾನು ಮತ್ತು ಬಿಹಾರದ ಹುಡುಗ ಕೂತು ಮಾಡಿದೆವು. ಮೊದಲು ಮೂರು ನಾಲ್ಕು ಸಲ ಧಾರಾಳ ನೀರು ಹರಿಸಿ ಗೊಬ್ಬರದ ಉಪ್ಪು ತೊಳೆದೆವು, ಅರ್ಧ ಕೆಲಸ ಆರಿದ್ರಾ ಮಳೆಯೇ ಮಾಡಿತು. ಮಣ್ಣು ಗಟ್ಟಿಯಾದ ಕಡೆ ಕಬ್ಬಿಣದ ಹಲ್ಲಿನ ಫೋರ್ಕ್ ಚುಚ್ಚಿ ಅಲ್ಲಾಡಿಸಿ ತೂತು ಮಾಡಿದೆವು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. 2015ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಬೆಂಗಳೂರು ಟೆಸ್ಟ್ ಮೊದಲ ದಿನದ ನಂತರ ಪೂರ್ತಿ ಮಳೆಗೆ ಹೋಯಿತಲ್ಲ, ಆಮೇಲೆ ಚಿನ್ನಸ್ವಾಮಿಯ ನೆಲದಡಿ ಸಬ್‌ಏರ್ ಎಂಬ ವ್ಯವಸ್ಥೆ ಹಾಕಿದರು. ಅದು ನೀರನ್ನು ಹೀರುವುದು ಎಲ್ಲರಿಗೂ ಗೊತ್ತು, ಬೇರಿಗೆ ಗಾಳಿ ಊದುವುದೂ ಅದೇ. ನಮ್ಮ ಸಬ್‌ಏರ್ ಆ ಫೋರ್ಕು. ತೂತುಗಳ ಮೇಲೆ ಮರಳು, ಕೆಂಪುಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ ತೆಳ್ಳಗೆ ಹರಡಿ ಎಳೆದೆವು. ಎರಡು ಮೂರು ಗೆಣ್ಣಿರುವ ಗರಿಕೆ ತುಂಡುಗಳನ್ನು ಗೇಣಿಗಿಂತ ಹತ್ತಿರ ಸಾಲಾಗಿ ಊರಿ, ಕಾಲಿಂದ ಒತ್ತಿದೆವು. ಸುಡದ ಜಾಗಕ್ಕೆ ಪುನರ್ವಸು ಮಳೆಯಲ್ಲಿ ಯೂರಿಯಾ ಹಾಕಿದೆವು. ಈ ಸಲ ತೂಕ ಮಾಡಿದ್ದು ಮೂರು ಜನ.

ಜುಲೈ, ಆಗಸ್ಟ್ ಕೆಲಸವೆಲ್ಲ ಕಳೆ ಮತ್ತು ಮಷಿನ್. ನಾವು ಕೊನ್ನಾರಿ ಗಡ್ಡೆ ಎನ್ನುವುದನ್ನು ಕಾಕಾ ಜೇಕು ಎನ್ನುತ್ತಾರೆ. ಮೇಲೆ ಎಲೆ ಕಿತ್ತರೆ ಒಂದು ವಾರಕ್ಕೆ ಮತ್ತೆ ನಗುತ್ತದೆ, ಕೆಳಗಿನ ಗಡ್ಡೆ ಸಮೇತ ಅಗೆದು ತೆಗೆಯಬೇಕು. ನೆಲ ಒದ್ದೆಯಿದ್ದಾಗ ಮಷಿನ್ ಇಳಿಸಬಾರದು, ಬ್ಲೇಡು ಮೊಂಡಾದರೆ ಎಲೆಯ ತುದಿ ಹರಿದು ಬೆಳ್ಳಗಾಗುತ್ತದೆ. ಇದನ್ನೆಲ್ಲ ಓದುವಾಗ ಸುಲಭ. ಸತತ ಹನ್ನೊಂದು ದಿನ ಮಳೆ ಹಿಡಿದು, ಹುಲ್ಲು ಮೊಣಕಾಲಿಗೆ ಬಂದು, ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾವಿನ ಮಾತೆತ್ತಿದಾಗ ಗೊತ್ತಾಗುತ್ತದೆ. ಆಗಲೇ ಒಬ್ಬರು ಪ್ಲಾಸ್ಟಿಕ್ ಹುಲ್ಲು ಹಾಸೋಣ ಎಂದು ಕೊಟೇಶನ್ ತಂದರು. ಅದು ಮೇ ತಿಂಗಳ ಮಧ್ಯಾಹ್ನ ಎಷ್ಟು ಕಾಯುತ್ತದೆ ಎಂದು, ಟರ್ಫಿನಲ್ಲಿ ಫುಟ್‌ಬಾಲ್ ಆಡುವ ಅವರ ಮಗನೇ ಮೀಟಿಂಗಿನಲ್ಲಿ ಹೇಳಿದ. ಕೊಟೇಶನ್ ಅಲ್ಲೇ ಉಳಿಯಿತು.

ಪಗಾರದ ವಿಷಯ ಹುಲ್ಲಿಗಿಂತ ನಿಧಾನ. ಸೊಸೈಟಿ ಕಡಿತ ರದ್ದು ಮಾಡಿ ಪೂರ್ತಿ ಬಿಲ್ಲು ಜೂನ್‌ನಲ್ಲೇ ಕೊಟ್ಟಿತು. ಕಾಂಟ್ರಾಕ್ಟರ್ ಮಾತ್ರ "ಅಡ್ಜಸ್ಟ್ ಮಾಡ್ತೀವಿ" ಎನ್ನುತ್ತಲೇ ಇದ್ದ. ಆಗಸ್ಟಿನಲ್ಲಿ ಅರ್ಧ ಬಂತು. ಉಳಿದದ್ದಕ್ಕೆ ನಾನು ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತಿದ್ದೆ, ಆಫೀಸಿನ ಸ್ಟೇಟಸ್ ಕಾಲ್ ಇದ್ದ ಹಾಗೆ. ಬಾಕಿ ತೀರುವ ತನಕ ಹೊಸ ಕರಾರಿಗೆ ಸಹಿ ಹಾಕುವುದಿಲ್ಲ ಎಂದು ಖಜಾಂಚಿ ಹೇಳಿದ ಮೇಲೆ ದಸರೆಗೆ ಎರಡು ದಿನ ಮೊದಲು ಪೂರ್ತಿಯಾಯಿತು. ಕಾಕಾ ಫೋನ್ ಮಾಡಿ "ಮುಟ್ಟೇತ್ರಿ" ಎಂದು ಇಟ್ಟುಬಿಟ್ಟರು.

ನಮ್ಮಲ್ಲಿಗೆ ಅವರು ವಾಪಸ್ ಬರಲಿಲ್ಲ. ಉತ್ತರೆ ಮಳೆಯ ಹೊತ್ತಿಗೆ ಪುಣೆಗೆ ಬಂದವರನ್ನು ರಸ್ತೆಯಾಚೆಯ ಸೊಸೈಟಿಗೆ ಹಾಕಿದ್ದಾರೆ, ಅಲ್ಲಿ ಹುಲ್ಲು ನಮ್ಮದರ ಎರಡರಷ್ಟು. ನಾನು ಕೇಳಿಕೊಂಡೆ, ಚೇರ್ಮನ್‌ರೂ ಹೇಳಿ ನೋಡಿದರು. "ಅಲ್ಲಿ ಬಾವಿ ಐತ್ರಿ" ಎಂದರು ಕಾಕಾ, ಮತ್ತೇನೂ ಹೇಳಲಿಲ್ಲ.

ಆದರೂ ನವರಾತ್ರಿ ಮುಗಿದ ಭಾನುವಾರ ಬೆಳಿಗ್ಗೆ ಬಂದಿದ್ದರು. ಒಂಬತ್ತು ರಾತ್ರಿ ಗರಬಾ ಕುಣಿದು ನಮ್ಮ ಹುಲ್ಲು ಚಪಾತಿಯಾಗಿತ್ತು. ಸುಟ್ಟ ಪಟ್ಟಿಗಳಲ್ಲಿ ಊರಿದ ಗರಿಕೆ ಮಾತ್ರ ಸುತ್ತಲಿನ ಹುಲ್ಲಿಗಿಂತ ಕಡು ಹಸಿರಾಗಿ, ಒರಟಾಗಿ ಎದ್ದು ನಿಂತಿತ್ತು. ಮೇಲಿನ ಬಾಲ್ಕನಿಯಿಂದ ಈಗಲೂ ಪಟ್ಟಿಗಳು ಲೆಕ್ಕಕ್ಕೆ ಸಿಗುತ್ತವೆ, ಹದಿನಾಲ್ಕು. ಕಾಕಾ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದು, ಹಿಂದಿರುಗಿ ತಮ್ಮ ಹೆಜ್ಜೆ ನೋಡಿದರು. ಹೆಜ್ಜೆಯ ಗುರುತು ಹಾಗೇ ಉಳಿದರೆ ಹುಲ್ಲಿಗೆ ನೀರು ಬೇಕು, ತಕ್ಷಣ ಎದ್ದರೆ ಬೇಡ. ಗರಿಕೆ ಎದ್ದಿತು, ಪಕ್ಕದ ಸೆಲೆಕ್ಷನ್ ವನ್ ಮಲಗೇ ಇತ್ತು. ಅಕ್ಟೋಬರ್ ಹೀಟ್ ಶುರುವಾಗಿತ್ತು.

"ಫೋರ್ಕ್ ಹಾಕಸ್ರಿ, ಚಿತ್ತಿ ಮಳಿ ಹೋಗೂದರೊಳಗ ಸ್ವಲ್ಪ ಗೊಬ್ರ ಕೊಡ್ರಿ. ದೀಪಾವಳಿ ಆದಮ್ಯಾಲ ಏನೂ ಕೊಡಬ್ಯಾಡ್ರಿ" ಎಂದರು. ಬಿಹಾರದ ಹುಡುಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ, ಕನ್ನಡ ಬರದಿದ್ದರೂ. ನಲ್ಲಿಯ ಪಕ್ಕದ ಮೂಲೆಗೆ ಹೋಗಿ ನೋಡಿದರು. ನಾವು ಬುಡ ಬಿಟ್ಟು ಕಿತ್ತಿದ್ದರಿಂದ ಅಲ್ಲೂ ಮತ್ತೆ ಚಿಗುರಿ ಹಬ್ಬಿತ್ತು. ಒಂದು ಹಿಡಿ ಕಿತ್ತು ಪಂಚೆಯ ಮಡಿಲಿಗೆ ಹಾಕಿಕೊಂಡರು. ರಸ್ತೆಯಾಚೆಯ ಸೊಸೈಟಿಯಲ್ಲೂ ಒಂದು ಮೂಲೆ ನೋಡಿಟ್ಟಿದ್ದಾರಂತೆ, ಬಾವಿಯ ಹತ್ತಿರ.